ತಾಲೀಮು ಮುಗಿಯುವವರೆಗೆ

ಆಗಸ್ಟ್ ಎರಡನೆಯ ವಾರದಲ್ಲಿ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಓಟದ ಅಭ್ಯಾಸಕ್ಕೆಂದು ಬರುವ ಮಕ್ಕಳು ಸ್ವಾತಂತ್ರ್ಯ ದಿನಾಚರಣೆಯ ಪಥಸಂಚಲನದ ತಾಲೀಮು ಮುಗಿಯುವವರೆಗೆ ಕಾಯಬೇಕಾಗುತ್ತದೆ. ಕಳೆದ ವರ್ಷ ಮಗಳನ್ನು ಕರೆದುಕೊಂಡು ಹೋದ ಒಂದು ಬೆಳಿಗ್ಗೆ ಪೊಲೀಸರು, ಗೃಹರಕ್ಷಕರು, ಎನ್‌ಸಿಸಿ ಕೆಡೆಟ್‌ಗಳು, ಶಾಲಾ ಮಕ್ಕಳು ತುಕಡಿ ತುಕಡಿಯಾಗಿ ವೇದಿಕೆಯ ಮುಂದೆ ಹಾದುಹೋಗುತ್ತಿದ್ದರು. ಗೌರವ ವಂದನೆ ಸ್ವೀಕರಿಸಬೇಕಾದ ಸಚಿವರ ಬದಲು ಸಿಬ್ಬಂದಿಯೊಬ್ಬರು ಅಷ್ಟೇ ಗಾಂಭೀರ್ಯದಿಂದ ನಿಂತಿದ್ದರು.

ಗ್ಯಾಲರಿಯಲ್ಲಿ ಕುಳಿತ ಆ ಬಿಡುವಿನಲ್ಲಿ ಮಗಳ ತರಬೇತುದಾರರು ಒಂದು ಇಟ್ಟಿಗೆ ಚೂರು ಹುಡುಕಿ ತಂದು ಸಿಮೆಂಟಿನ ಮೆಟ್ಟಿಲ ಮೇಲೆ ಓಟದ ಪಥದ ನಕ್ಷೆ ಬರೆದರು. 400 ಮೀಟರ್ ಓಟದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಏಕೆ ಹೊರಡುವುದಿಲ್ಲ ಎಂಬ ನನ್ನ ಬಹುದಿನದ ಗೊಂದಲ ಅಲ್ಲಿಯೇ ಬಗೆಹರಿಯಿತು. ಪ್ರತಿ ಪಥದ ಅಗಲ 1.22 ಮೀಟರ್ ಆಗಿದ್ದು, ತಿರುವಿನಲ್ಲಿ ಹೊರಗಿನವನು ಹೆಚ್ಚು ಸುತ್ತಬೇಕಾಗುವುದರಿಂದ, ಎರಡನೆಯ ಪಥದವನನ್ನು 7.04 ಮೀಟರ್ ಮುಂದೆ ನಿಲ್ಲಿಸುತ್ತಾರೆ; ಎಂಟನೆಯವನು ನಿಲ್ಲುವುದು ಸುಮಾರು 53 ಮೀಟರ್ ಮುಂದೆ. ಇದೇ ಸುತ್ತಿನೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಕಣವೂ ಹಿಡಿಯುತ್ತದೆ ಎಂದು ಅವರು ನಡುವೆ ಒಂದು ಚೌಕ ಎಳೆದರು. ಊರೂರಿನಲ್ಲೂ ಕ್ರೀಡಾಂಗಣ ಈ ಆಕಾರ ತಳೆದಿರುವುದಕ್ಕೆ ಈ ಅನುಕೂಲವೂ ಒಂದು ಕಾರಣ. ಆದರೆ ಗುಂಡು, ಭರ್ಜಿಗಳು ಬಿದ್ದು ಗುಳಿಯಾದ ಹುಲ್ಲಿನ ಮೇಲೆ ಫುಟ್‌ಬಾಲ್‌ನವರು ಗೊಣಗುತ್ತಾರೆ, ಅವರ ಪ್ರೇಕ್ಷಕರಿಗೆ ಪಥದಾಚೆಯ ಗೋಲು ದೂರವಾಗುತ್ತದೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕಥೆಯೂ ಹೆಚ್ಚು ಬೇರೆಯಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟ ಕಂಡ ಆ ಅಂಗಳದಲ್ಲಿಯೇ 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಜನಸಾಗರ ಸೇರಿತ್ತು. 2023ರ ಮೇ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ವರ್ಷದ ಜುಲೈನಲ್ಲಿ ಅಲ್ಲಿಯೇ ಭಾರತ ತಂಡ ದಕ್ಷಿಣ ಏಷ್ಯಾದ ಸ್ಯಾಫ್ ಫುಟ್‌ಬಾಲ್ ಟೂರ್ನಿಯ ಫೈನಲ್‌ನಲ್ಲಿ ಕುವೈತ್ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತು. ಇಷ್ಟು ದೊಡ್ಡ ಜನಸಂದಣಿಯನ್ನು ತಾಳುವ ಬಯಲು ನಗರದ ನಡುವೆ ಮತ್ತೆಲ್ಲಿದೆ? ಹಾಗಾಗಿ ಸಮಾರಂಭಗಳು ಕ್ರೀಡಾಂಗಣಕ್ಕೆ ಬರಬಾರದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಯಾವ ವಾರ ಯಾರಿಗೆ ಎಂಬುದನ್ನು ಮೊದಲೇ ಗೇಟಿನ ಬಳಿ ಬರೆದು ಹಾಕಿದರೆ, ದೂರದ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳಿಗೆ ಅಷ್ಟೇ ಸಾಕು.

ತಾಲೀಮು ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಆಚೆ ತಿರುವಿನಲ್ಲಿ ಶಾಮಿಯಾನದ ಕಂಬಗಳು ಲಾರಿಯಿಂದ ಇಳಿಯತೊಡಗಿದ್ದರಿಂದ ತರಬೇತುದಾರರು ಮಕ್ಕಳನ್ನು ನೇರ ಪಥದಲ್ಲಿ 100 ಮೀಟರ್ ಮಾತ್ರ ಓಡಿಸಿದರು.

"400 ಇವತ್ತೂ ಇಲ್ವಾ ಸರ್?" ಎಂದು ಮಗಳು ಕೇಳಿದಳು.

"ಹದಿನೈದು ಕಳೀಲಿ ಪುಟ್ಟಿ, ಆಮೇಲೆ ಶಾಲೆಗಳ ಕ್ರೀಡಾಕೂಟಕ್ಕೆ ಮುಂಚೆ ಸಿಕ್ಕಷ್ಟು ದಿನ ಓಡೋಣ" ಎಂದರು ಅವರು.