ರಾಟರ್‌ಡ್ಯಾಮಿಗೆ ಹೋದ ಉಣುಗು

ನೆದರ್ಲೆಂಡ್ಸಿನ ಶಿಫೋಲ್ ವಿಮಾನ ನಿಲ್ದಾಣ ಇರುವುದು ಒಂದು ಸರೋವರದ ತಳದಲ್ಲಿ. ಹಾರ್ಲೆಮ್ಮರ್‌ಮೇರ್ ಎಂಬ ಆ ಸರೋವರದ ನೀರನ್ನು ಉಗಿಯಂತ್ರಗಳಿಂದ ಎತ್ತಿ ಹಾಕಿ, 1852ರ ಹೊತ್ತಿಗೆ ಪೂರ್ತಿ ಒಣಗಿಸಿ ನೆಲ ಮಾಡಿಕೊಂಡರು. ಇವತ್ತಿಗೂ ಅದು ಸಮುದ್ರಮಟ್ಟಕ್ಕಿಂತ ಕೆಳಗೇ ಇದೆ. ಲಿಂಗನಮಕ್ಕಿಯ ನೀರಿಗೆ ಊರು ಬಿಟ್ಟವರ ಸೀಮೆಯಿಂದ ಬಂದ ನನಗೆ, ನೀರನ್ನೇ ಊರು ಬಿಡಿಸಿದ ಜನರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅಲ್ಲಿಂದ ರೈಲು ಹತ್ತಿದರೆ ರಾಟರ್‌ಡ್ಯಾಮ್ ದೂರವೇನಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಸುರುಳಿ ಸುತ್ತಿದ ಪೋಸ್ಟರ್, ಪೋಸ್ಟರಿನಲ್ಲಿ ನಮ್ಮೂರ ಕಾಡಿನ ಉಣುಗು.

2023ರ ಏಪ್ರಿಲ್. ವಿಜ್ಞಾನವನ್ನು ಜನರಿಗೆ ತಲುಪಿಸುವ ಕೆಲಸದವರೆಲ್ಲ ಸೇರುವ ಪಿಸಿಎಸ್‌ಟಿ ಸಮ್ಮೇಳನ. 1989ರಲ್ಲಿ ಫ್ರಾನ್ಸಿನ ಪ್ವಾಟಿಯೆಯಲ್ಲಿ ಶುರುವಾಗಿ ದೇಶದಿಂದ ದೇಶಕ್ಕೆ ಸುತ್ತುತ್ತಿರುವ ಸಭೆ ಇದು. 2010ರಲ್ಲಿ ದೆಹಲಿಗೂ ಬಂದಿತ್ತು. ಪತ್ರಕರ್ತರು, ಮ್ಯೂಸಿಯಂ ನಡೆಸುವವರು, ರೇಡಿಯೊದವರು, ಈ ವಿಷಯದಲ್ಲೇ ಪಿಎಚ್‌ಡಿ ಮಾಡಿದವರು, ಎಲ್ಲರೂ ಇದ್ದರು. ನಿಜ ಹೇಳಬೇಕೆಂದರೆ ಪಿಎಚ್‌ಡಿಯವರು ತುಸು ಹೆಚ್ಚೇ ಇದ್ದರು. 'ಎಲ್ಲರನ್ನೂ ಒಳಗೊಳ್ಳಬೇಕು' ಎಂಬ ಮಾತು ಪ್ರತಿ ಕೋಣೆಯಿಂದಲೂ ಕೇಳುತ್ತಿತ್ತು, ಇಂಗ್ಲಿಷಿನಲ್ಲಿ ಮಾತ್ರ. ಬ್ರೆಜಿಲಿನ ಹೆಣ್ಣುಮಗಳೊಬ್ಬಳು ಪ್ರಶ್ನೆ ಕೇಳಲು ಎದ್ದು, ಇಂಗ್ಲಿಷ್ ಪದಕ್ಕಾಗಿ ತಡಕಾಡಿ, ಕೊನೆಗೆ ಪೋರ್ಚುಗೀಸಿನಲ್ಲೇ ಕೇಳಿ ಕೂತಳು. ಪಕ್ಕದವರು ಅನುವಾದಿಸಿದರು. ನಾನು ಕೇಳಿದವುಗಳಲ್ಲಿ ಅತ್ಯಂತ ಚುರುಕಾದ ಪ್ರಶ್ನೆ ಅದೇ.

ಈ ವೃತ್ತಿಯಲ್ಲಿ ಒಂದು ಹಳೇ ಜಗಳವಿದೆ. ಜನರ ತಲೆ ಖಾಲಿ ಕೊಡ, ವಿಜ್ಞಾನಿಗಳು ಅದಕ್ಕೆ ತಿಳಿವಳಿಕೆ ಸುರಿದರೆ ಸರಿಹೋಗುತ್ತದೆ ಎಂದು ನಂಬಿದ ಕಾಲವೊಂದಿತ್ತು. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ, ಜನರಿಗೆ ವಿಜ್ಞಾನ ತಿಳಿಯಬೇಕೆಂದು 1985ರಲ್ಲಿ ಹೊರತಂದ ಬಾಡ್ಮರ್ ವರದಿಯ ನಂತರ ಬ್ರಿಟನ್ನಿನಲ್ಲಿ ಈ ಸುರಿಯುವ ಕೆಲಸ ಜೋರಾಯಿತು. ಅದಕ್ಕೆ ಎದುರಾಗಿ ಇಂಥ ಸಭೆಗಳಲ್ಲಿ ಯಾರಾದರೂ ಕಂಬ್ರಿಯಾದ ಕುರಿಗಳ ಕಥೆ ಎತ್ತದೆ ಇರುವುದಿಲ್ಲ. ಈ ಸಲವೂ ಕಾಫಿ ಸರದಿಯಲ್ಲಿ ಅದೇ ಮಾತು ಬಂತು. ಹಳೆಯದಾದರೂ ಹೇಳುತ್ತೇನೆ, ನನಗೆ ಇದು ನಮ್ಮೂರ ಕಥೆಯಂತೆಯೇ ಕೇಳಿಸುತ್ತದೆ.

1986ರಲ್ಲಿ ಚೆರ್ನೋಬಿಲ್ ಸ್ಫೋಟವಾದಾಗ ವಿಕಿರಣ ಬೆರೆತ ಮಳೆ ಇಂಗ್ಲೆಂಡಿನ ಕಂಬ್ರಿಯಾ ಗುಡ್ಡಗಳ ಮೇಲೂ ಸುರಿಯಿತು. ಅಲ್ಲಿನ ಕುರಿಗಳನ್ನು ಮಾರದಂತೆ ಸರ್ಕಾರ ತಡೆ ಹಾಕಿತು, ಮೂರೇ ವಾರ ಎಂದು ಹೇಳಿ. ಕೊನೆಯ ನಿರ್ಬಂಧ ತೆಗೆದದ್ದು 2012ರಲ್ಲಿ. ಮಳೆಯೊಡನೆ ಬಿದ್ದ ವಿಕಿರಣಶೀಲ ಸೀಸಿಯಂ ಮಣ್ಣಿಗೆ ಅಂಟಿಕೊಂಡು ಹುಲ್ಲಿಗೆ ಸಿಗದಂತಾಗುತ್ತದೆ ಎಂದು ತಜ್ಞರು ಲೆಕ್ಕ ಹಾಕಿದ್ದು ಜೇಡಿಮಣ್ಣಿನ ಮೇಲೆ. ಗುಡ್ಡದ್ದು ಕೊಳೆತ ಸೊಪ್ಪುಸದೆಯ ಹುಳಿಮಣ್ಣು, ಅಲ್ಲಿ ಸೀಸಿಯಂ ಮತ್ತೆ ಮತ್ತೆ ಹುಲ್ಲಿಗೆ ಏರುತ್ತಲೇ ಇತ್ತು. ಇನ್ನೊಂದು ಪ್ರಯೋಗಕ್ಕೆ ಗುಡ್ಡದ ಕುರಿಗಳನ್ನು ಬೇಲಿಯೊಳಗೆ ಕೂಡಿದರು. 'ಇವು ಬಯಲಲ್ಲಿ ಮೇಯುವ ಕುರಿ, ಕೂಡಿದರೆ ಸೊರಗುತ್ತವೆ' ಎಂದು ರೈತರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುರಿ ಸೊರಗಿದವು, ಪ್ರಯೋಗ ನಿಂತಿತು. ಬ್ರಿಯಾನ್ ವಿನ್ ಎಂಬ ಸಮಾಜಶಾಸ್ತ್ರಜ್ಞರು ಆ ರೈತರ ಜೊತೆ ಕೂತು ಇದನ್ನೆಲ್ಲ ಬರೆದ ಮೇಲೆ ಖಾಲಿ ಕೊಡದ ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಬಿತ್ತು.

ನನ್ನ ಪೋಸ್ಟರಿನ ಸಂಗತಿ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ವೈರಸ್ಸು ಪತ್ತೆಯಾಗುವ ಮೊದಲೇ ಮುಸಿಯ ಮತ್ತು ಕೋಡಗಗಳು ಸಾಯುವುದಕ್ಕೂ ಊರಲ್ಲಿ ಜ್ವರ ಏಳುವುದಕ್ಕೂ ನಂಟಿದೆ ಎಂದು ಗುರುತಿಸಿದವರು ಅಲ್ಲಿನ ಜನ. ಹರಡುವುದು ಉಣುಗು. ಬೇಸಿಗೆಗೆ ಮುಂಚೆ ತರಗೆಲೆ ಗುಡಿಸಲು ಹೋದವರ ಕಾಲಿಗೆ ಹತ್ತುತ್ತದೆ. ಸಾಗರದ ಅರಳಗೋಡು ಕಡೆ 2019ರಲ್ಲಿ ಜೀವಗಳು ಹೋದಾಗ ಎಲ್ಲೆಡೆ ಒಂದೇ ಬಗೆಯ ಎಚ್ಚರಿಕೆ, ಕಾಡಿಗೆ ಹೋಗಬೇಡಿ. ಆಮೇಲೆ ಅಡಿಕೆ ತೋಟದ ಅಜ್ಜಿಯೊಬ್ಬರು ನನಗೆ ಹೇಳಿದ್ದು ಇಷ್ಟು: “ಹೋಗಬೇಡಿ ಅಂತ ಬರ್ದಿದಾರೆ ತಮ್ಮಾ. ಕೊಟ್ಟಿಗೆಗೆ ಸೊಪ್ಪು ಯಾರು ತರ್ತಾರೆ ಅಂತ ಬರೀಲಿಲ್ಲ.” ಆ ಮಾತನ್ನೇ ಪೋಸ್ಟರಿನ ನಡುವೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆ. ಇಂಗ್ಲಿಷ್ ಕೆಳಗೆ, ಸಣ್ಣದಾಗಿ. ಅಕ್ಷರಗಳ ಚಂದ ನೋಡಲು ನಿಂತವರೇ ಹೆಚ್ಚು. ನಿಂತವರಿಗೆ ಕಥೆ ಹೇಳದೆ ಬಿಡುತ್ತೇನೆಯೇ?

ಹಾಗೆ ನಿಂತವರಲ್ಲಿ ಡಚ್ ಮಹಿಳೆಯೊಬ್ಬರು ತಮ್ಮ ಫೋನು ತೆಗೆದು ತೋರಿಸಿದರು. ಅವರಲ್ಲೂ ಉಣುಗಿನ ಕಾಟ, ಕಾಯಿಲೆ ಮಾತ್ರ ಬೇರೆ, ಲೈಮ್. 2012ರಿಂದ 'ಟೇಕೆನ್‌ರಾಡಾರ್' ಎಂಬ ಏರ್ಪಾಡಿದೆ. ಉಣುಗು ಕಚ್ಚಿದವರು ಎಲ್ಲಿ, ಯಾವಾಗ ಎಂದು ತಾವೇ ದಾಖಲಿಸುತ್ತಾರೆ. ಅದನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ವಾಗೆನಿಂಗೆನ್ ವಿಶ್ವವಿದ್ಯಾಲಯವೂ ಅಧ್ಯಯನಕ್ಕೆ ಬಳಸುತ್ತವೆ. ಮಳೆಯ ಮುನ್ಸೂಚನೆ ಕೊಟ್ಟಹಾಗೆ ಉಣುಗಿನ ಮುನ್ಸೂಚನೆಯನ್ನೂ ಕೊಡುತ್ತಾರೆ. “ನಿಮ್ಮಲ್ಲಿ ಮಾಹಿತಿ ಯಾರು ಕೊಡುತ್ತಾರೆ?” ಎಂದು ಕೇಳಿದರು. ದನ ಕಾಯುವವರು, ಸತ್ತ ಮಂಗ ಕಂಡರೆ ಆಶಾ ಕಾರ್ಯಕರ್ತೆಗೆ ಫೋನು ಮಾಡುತ್ತಾರೆ ಎಂದೆ. ಅವರು ಅದನ್ನು ಬರೆದುಕೊಂಡರು.

ಊಟದ ಪಾಡು ಸಸ್ಯಾಹಾರಿಗೆ ಗೊತ್ತಿದ್ದದ್ದೇ, ಬ್ರೆಡ್ಡು ಮತ್ತು ಚೀಸು. ಸಂಜೆ ವೆಸ್ಟ್‌ಕ್ರೌಸ್ಕಾಡೆ ಬೀದಿಗೆ ಹೋದಮೇಲೆ ಹೊಟ್ಟೆ ತಣ್ಣಗಾಯಿತು. ಸುರಿನಾಮಿನವರ ಅಂಗಡಿಗಳಲ್ಲಿ ರೊಟ್ಟಿ, ಆಲೂಗಡ್ಡೆ ಪಲ್ಯ, ಅಲಸಂದೆ ಕಾಯಿ. 1873ರಿಂದ ಹಡಗಿನಲ್ಲಿ ಕಬ್ಬಿನ ತೋಟದ ಕೂಲಿಗೆಂದು ದಕ್ಷಿಣ ಅಮೆರಿಕದ ಡಚ್ ವಸಾಹತಾಗಿದ್ದ ಸುರಿನಾಮಿಗೆ ಹೋದ ಬಿಹಾರ, ಉತ್ತರ ಪ್ರದೇಶದವರ ಮರಿಮಕ್ಕಳು ಆಮೇಲೆ ಇಲ್ಲಿಗೆ ಬಂದು ನೆಲೆಸಿದ್ದಾರೆ. ಅಂಗಡಿಯಾಕೆ ನನ್ನೊಡನೆ ಹಿಂದಿಯಂಥದ್ದೇನೋ ಮಾತಾಡಿದರು. ನನ್ನ ಹಿಂದಿಯೂ ಅಂಥದ್ದೇ, ಹಾಗಾಗಿ ತೊಂದರೆಯಾಗಲಿಲ್ಲ.

ರಾಟರ್‌ಡ್ಯಾಮಿನ ಬಗ್ಗೆ ಹೆಚ್ಚು ಹೇಳಲಾರೆ. 1940ರ ಮೇ 14ರಂದು ಜರ್ಮನ್ ಬಾಂಬಿಗೆ ಊರಿನ ನಡುಭಾಗವೇ ಹೋಯಿತು, ಈಗಿರುವುದೆಲ್ಲ ಗಾಜು, ಉಕ್ಕು, ಗಾಳಿ. ಬೆಂತೆಮ್‌ಪ್ಲೇನ್ ಚೌಕ ಮಾತ್ರ ಹಿಡಿಸಿತು. ಒಣಗಿದ್ದಾಗ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುವ ತಗ್ಗು ಅಂಗಳ, ಜೋರು ಮಳೆ ಬಂದರೆ ಸುತ್ತಲಿನ ನೀರು ನಿಲ್ಲುವ ಕೊಳ. ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಫಲಕ ಬರೆದು ಹೇಳುವ ಗೋಜಿಲ್ಲ, ಕಣ್ಣೆದುರೇ ಹರಿದು ಬರುತ್ತದೆ. ಬೆಂಗಳೂರಿನ ರಾಜಕಾಲುವೆಗಳ ಮೇಲೆ ಮನೆ ಕಟ್ಟಿದವರನ್ನು ನೆನೆದು ನಕ್ಕೆ.

ಸಮ್ಮೇಳನ ಮುಗಿದ ಮಾರನೇ ದಿನ ರೈಲಿನಲ್ಲಿ ಕಾಲು ಗಂಟೆಯ ಡೆಲ್ಫ್ಟ್‌ಗೆ ಹೋದೆ. ಪೋಸ್ಟರ್ ನೋಡಿ ಪರಿಚಯವಾಗಿದ್ದ ಸ್ಕಾಟ್ಲೆಂಡಿನ ಪಶುವೈದ್ಯರೊಬ್ಬರು ಜೊತೆಗೂಡಿದರು. ಅದು ಸೂಕ್ಷ್ಮಜೀವಿಗಳನ್ನು ಮೊದಲು ಕಂಡ, ಆ ಊರಿನ ಆಂಟೋನಿ ಫಾನ್ ಲೇವೆನ್‌ಹುಕ್ ತೀರಿಕೊಂಡ 300ನೇ ವರ್ಷ. ಬಟ್ಟೆ ವ್ಯಾಪಾರಿ. ಲ್ಯಾಟಿನ್ ಬಾರದು, ಬರುತ್ತಿದ್ದದ್ದು ಡಚ್ ಒಂದೇ. ತಾನೇ ಉಜ್ಜಿದ ಪುಟ್ಟ ಮಸೂರದಲ್ಲಿ ಕಂಡದ್ದನ್ನು ಐವತ್ತು ವರ್ಷ ರಾಯಲ್ ಸೊಸೈಟಿಗೆ ಡಚ್ಚಿನಲ್ಲೇ ಬರೆದ. ಬೇಕಾದವರು ಅನುವಾದ ಮಾಡಿಕೊಂಡರು. ಹೇನು ಹೇಗೆ ಹೆಚ್ಚುತ್ತದೆ ಎಂದು ತಿಳಿಯಲು ಕಾಲುಚೀಲದೊಳಗೆ ಹೇನು ಬಿಟ್ಟುಕೊಂಡು ತಿರುಗಿದ ಆಸಾಮಿ. 1676ರಲ್ಲಿ ನೀರಿನೊಳಗಿನ ಸೂಕ್ಷ್ಮಜೀವಿಗಳ ಬಗ್ಗೆ ಬರೆದಾಗ ಲಂಡನ್ನಿನವರು ನಂಬಲಿಲ್ಲ. ಆಗ ತನ್ನ ಮಸೂರದಲ್ಲಿ ನೋಡಿದ ಊರಿನ ಎಂಟು ಮಂದಿಯ ಸಾಕ್ಷಿಪತ್ರ ಕಳಿಸಿದ, ಅವರಲ್ಲಿ ಪಾದ್ರಿಗಳೂ ಇದ್ದರು. ಮರುವರ್ಷ ರಾಯಲ್ ಸೊಸೈಟಿಯ ರಾಬರ್ಟ್ ಹುಕ್ ಆ ಜೀವಿಗಳನ್ನು ಲಂಡನ್ನಿನಲ್ಲೇ ತೋರಿಸಿದ ಮೇಲೆ ಅನುಮಾನ ನಿಂತಿತು.

ಆತನನ್ನು ಹೂಳಿದ್ದು ವಾಲಿದ ಗೋಪುರದ ಔಡೆ ಕೆರ್ಕ್ ಎಂಬ ಚರ್ಚಿನಲ್ಲಿ. ಆತ ಹುಟ್ಟಿದ ವರ್ಷವೇ ಅದೇ ಊರಿನಲ್ಲಿ ಹುಟ್ಟಿದ ಚಿತ್ರಕಾರ ಫರ್ಮೇರ್‌ನ ಸಮಾಧಿಯೂ ಅಲ್ಲೇ. ಬಂದವರ ಕ್ಯಾಮೆರಾ ಎಲ್ಲ ಫರ್ಮೇರ್‌ನ ಕಡೆಗೆ. ನಮಗೆ ಲೇವೆನ್‌ಹುಕ್‌ನ ಮುಂದೆ ಬೇಕಾದಷ್ಟು ಜಾಗ, ಬೇಕಾದಷ್ಟು ಹೊತ್ತು ಸಿಕ್ಕಿತು.

ಹೊರಗೆ ಕಾಲುವೆ ಬದಿಯಲ್ಲಿ ಕಾಫಿ ಕುಡಿಯುವಾಗ ಪಶುವೈದ್ಯರು ಪೋಸ್ಟರಿನ ಮುಂದೆ ತಾವೇಕೆ ನಿಂತರೆಂದು ಹೇಳಿದರು. ಅವರ ಗುಡ್ಡಗಳ ಕುರಿಗಳಿಗೆ ಉಣುಗಿನಿಂದ 'ಲೌಪಿಂಗ್ ಇಲ್' ಎಂಬ ಕಾಯಿಲೆ ಬರುತ್ತದೆ, ಅದರ ವೈರಸ್ಸು ನಮ್ಮ ಮಂಗನ ಕಾಯಿಲೆಯ ವೈರಸ್ಸಿಗೆ ದಾಯಾದಿ. ಎರಡೂ ಒಂದೇ ಕುಟುಂಬದ ಹತ್ತಿರದ ಕವಲುಗಳು. ಕೋವಿಡ್‌ನಿಂದಾಗಿ 2021ರಲ್ಲಿ ಆನ್‌ಲೈನಿಗೆ ಹೋದ ಅಬರ್ಡೀನ್ ಸಮ್ಮೇಳನ 2025ಕ್ಕೆ ಅದೇ ಊರಿನಲ್ಲಿ ನಡೆಯುವುದಿತ್ತು. “ಬನ್ನಿ, ಕುರಿ ಕಾಯುವವರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮಳೆಕೋಟು ಮರೆಯಬೇಡಿ, ನಮ್ಮಲ್ಲಿ ಮಳೆ ಜಾಸ್ತಿ” ಎಂದರು.

ಆಗುಂಬೆ ಎಂಬ ಊರಿದೆ ಎಂದು ಅವರಿಗೆ ವಿವರಿಸಲು ಇನ್ನೊಂದು ಕಾಫಿ ಬೇಕಾಯಿತು.