ಹಿಮ ಕರಗಿದ ಮೇಲೂ ಫೋರ್ ಹೈ ಯಾಕೆ?

ಅಮೆರಿಕದ ಕೊಲರಾಡೋದ ಡೆನ್ವರ್‌ನಲ್ಲಿ ಹಿಮ ಬೀಳುವುದು ದೊಡ್ಡ ಸುದ್ದಿಯಲ್ಲ. ಅದು ಎಷ್ಟು ಬೇಗ ಕರಗುತ್ತದೆ ಅನ್ನುವುದೇ ಹೊಸಬರಿಗೆ ಆಶ್ಚರ್ಯ. ರಾತ್ರಿ ಅರ್ಧ ಅಡಿ ಬಿದ್ದಿರುತ್ತದೆ. ಬೆಳಿಗ್ಗೆ ಎದ್ದು ಮನೆ ಮುಂದಿನ ಹಿಮ ಗೋರಿ ಸೊಂಟ ಹಿಡಿದುಕೊಂಡಿರುತ್ತೇವೆ. ಮಧ್ಯಾಹ್ನಕ್ಕೆ ಬಿಸಿಲು ಚುರುಗುಟ್ಟಿ ಟಾರು ಪೂರ್ತಿ ಒಣಗಿರುತ್ತದೆ. ಆದರೆ ಅದೇ ಬೀದಿಯಲ್ಲಿ ಉತ್ತರಕ್ಕೆ ಮುಖ ಮಾಡಿದ ಮನೆಗಳ ಮುಂದೆ, ನೆರಳು ಬೀಳುವ ಕಡೆ, ಐಸ್ ಗಟ್ಟಿಯಾಗಿ ಹಾಗೇ ಕೂತಿರುತ್ತದೆ. ಇಲ್ಲಿ ಪಳಗಿದವರು ಮನೆ ಕೊಳ್ಳುವಾಗ ದಕ್ಷಿಣದ ಬಿಸಿಲು ಬೀಳುತ್ತದಾ ಅಂತ ನೋಡುತ್ತಾರೆ. ನಮ್ಮವರು ವಾಸ್ತು ನೋಡಿ ಉತ್ತರದ ಬಾಗಿಲಿನ ಮನೆ ಹಿಡಿಯುತ್ತಾರೆ, ಆಮೇಲೆ ಚಳಿಗಾಲವೆಲ್ಲಾ ಉಪ್ಪು ಚೆಲ್ಲುತ್ತಾ ಇರುತ್ತಾರೆ.

ಹೀಗೆ ಒಂದೇ ಊರಲ್ಲಿ, ಒಂದೇ ದಿನ, ಐಸೂ ಇದೆ, ಒಣ ಟಾರೂ ಇದೆ. ಕಾರಿನವರಿಗೆ ಇದರಿಂದ ಏನೂ ತಲೆನೋವಿಲ್ಲ. ಫೋರ್ ಬೈ ಫೋರ್ ಪಿಕಪ್ ಇಟ್ಟುಕೊಂಡವರಿಗೆ ಇದೆ: ಬರೀ ಹಿಂದಿನ ಚಕ್ರ ಓಡಿಸುವ “ಟೂ ಹೈ” ಬೇಕಾ, ನಾಲ್ಕೂ ಚಕ್ರ ಓಡಿಸುವ “ಫೋರ್ ಹೈ” ಬೇಕಾ ಅಂತ ಅವರೇ ಆರಿಸಬೇಕು. ಹೋದ ಚಳಿಗಾಲದಲ್ಲಿ ಗೆಳೆಯನೊಬ್ಬ ಫೋನ್ ಮಾಡಿದ. ತೀರ್ಥಹಳ್ಳಿ ಕಡೆಯವನು, ಹಳೇ ಪಿಕಪ್ ಒಂದನ್ನು ಆಗಷ್ಟೇ ಕೊಂಡಿದ್ದ. ಇಂಡಿಯನ್ ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಂತಿದ್ದ.

“ಮಾರಾಯ, ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಗಾಡಿ ಮುಂದೆ ಹೋಗೋದೇ ಇಲ್ಲ. ಕಟ್ ಕಟ್ ಅಂತ ಎಗರ್ತದೆ. ಗೇರ್‌ಬಾಕ್ಸ್ ಹೋಯ್ತಾ ಹೆಂಗೆ?”

“ಡ್ಯಾಶ್‌ಬೋರ್ಡ್‌ನಲ್ಲಿ ತಿರುವೋ ನಾಬ್ ಇದೆಯಲ್ಲ, ಅದು ಎಲ್ಲಿದೆ?”

“ಫೋರ್ ಹೈ. ಬೆಳಿಗ್ಗೆ ಮನೆ ಹತ್ರ ಐಸ್ ಇತ್ತಲ್ವಾ.”

“ಈಗ ನೀ ನಿಂತಿರೋ ಕಡೆ?”

“ಇಲ್ಲಿ ಪೂರ್ತಿ ಒಣ.”

ಗೇರ್‌ಬಾಕ್ಸ್ ಹೋಗಿರಲಿಲ್ಲ. ಹೀಗೇ ಓಡಿಸಿದ್ದರೆ ಒಂದಲ್ಲ ಒಂದು ದಿನ ಏನಾದರೂ ಹೋಗುತ್ತಿತ್ತು.

ವಿಷಯ ಇಷ್ಟೆ. ಯಾವ ಗಾಡಿಯಾದರೂ ತಿರುಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಜಾಸ್ತಿ ದೂರ ಹೋಗಬೇಕು. ಕಣದಲ್ಲಿ ಮೇಟಿಯ ಸುತ್ತ ಸಾಲಾಗಿ ಎತ್ತು ಕಟ್ಟಿ ಹಂತಿ ಹೊಡೆಯುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಮೇಟಿಯ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನದು ಬಿರಬಿರನೆ ನಡೆಯಬೇಕು. ಗಾಡಿಯಲ್ಲಿ ಎಡ ಚಕ್ರ ಬಲ ಚಕ್ರದ ಈ ವ್ಯತ್ಯಾಸವನ್ನು ಡಿಫರೆನ್ಷಿಯಲ್ ನೋಡಿಕೊಳ್ಳುತ್ತದೆ. ಆದರೆ ಮುಂದಿನ ಆಕ್ಸಲ್, ಅಂದರೆ ಮುಂದಿನ ಚಕ್ರಗಳ ಅಚ್ಚು, ಕೂಡ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗುತ್ತದೆ. ಇದು ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಹಾಕುವ ಪಾರ್ಟ್ ಟೈಮ್ ಫೋರ್ ಬೈ ಫೋರ್‌ನಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್ ಹೈ ಹಾಕಿದ ಕೂಡಲೇ, ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್, ಆ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟನ್ನು ಸೇರಿಸಿ ಬೀಗ ಹಾಕಿಬಿಡುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು.

ವ್ಯತ್ಯಾಸ ಎಷ್ಟಿರಬಹುದು? ನಾಲ್ಕು ಬಾಗಿಲಿನ ದೊಡ್ಡ ಪಿಕಪ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 3.7 ಮೀಟರ್ ಅಂತರ. ಪಾರ್ಕಿಂಗ್‌ನಲ್ಲಿ ಹಿಂದಿನ ಆಕ್ಸಲ್ 6 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿತು ಅಂದುಕೊಳ್ಳಿ. ಹಿಂದಿನದು ಹೋದ ದೂರ 9.4 ಮೀಟರ್, ಮುಂದಿನದು 11 ಮೀಟರ್ ಚಿಲ್ಲರೆ. ಒಂದೂವರೆ ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ! 32 ಇಂಚಿನ ಟೈರಿಗೆ ಅದು ಅರ್ಧ ಸುತ್ತಿಗೂ ಮೇಲೆ. ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಅನ್ನುವ ಆಕ್ಸಲ್ ಅನುಪಾತ ಸೇರಿಸಿದರೆ ಪ್ರೊಪೆಲ್ಲರ್ ಶಾಫ್ಟ್ ಲೆಕ್ಕದಲ್ಲಿ ಎರಡು ಸುತ್ತಿಗೂ ಮೇಲೆ. ಬರೀ ಒಂದು ತಿರುವಿಗೆ ಇಷ್ಟು.

ಹಿಮ, ಕೆಸರು, ಜಲ್ಲಿ ಆದರೆ ಟೈರು ಚೂರು ಜಾರಿ ಈ ಬಾಕಿಯನ್ನು ಅಲ್ಲಲ್ಲೇ ತೀರಿಸಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಒಣ ಟಾರು ಟೈರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಶಾಫ್ಟು, ಕ್ರಾಸ್ ಜಾಯಿಂಟು, ಟ್ರಾನ್ಸ್‌ಫರ್ ಕೇಸಿನ ಚೈನು ಎಲ್ಲವೂ ತಿರುಚಿಕೊಂಡು ಬಿಗಿಯಾಗುತ್ತವೆ. ತಡೆಯಲಾರದಷ್ಟು ಬಿಗಿಯಾದಾಗ ಯಾವುದೋ ಒಂದು ಟೈರು ನೆಲ ಕೆರೆದು ಪಟ್ಟನೆ ಬಿಡುತ್ತದೆ. ಗೆಳೆಯನ ಗಾಡಿ ಎಗರಿದ್ದು ಅದಕ್ಕೇ.

ಈ ಲೆಕ್ಕದಲ್ಲೇ ಇನ್ನೊಂದು ಮಾತೂ ಇದೆ. ಹೆದ್ದಾರಿಯ 300 ಮೀಟರ್ ತ್ರಿಜ್ಯದ ಉದ್ದನೆ ತಿರುವಿನಲ್ಲಿ ಮುಂದಿನ ಹಿಂದಿನ ದೂರದ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ಅದಕ್ಕೇ ಎಷ್ಟೋ ಜನ “ನಾನು ಹೈವೇನಲ್ಲಿ ಫೋರ್ ಹೈ ಹಾಕೇ ಓಡಿಸ್ತೀನಿ, ಏನೂ ಆಗಿಲ್ಲ” ಅನ್ನುತ್ತಾರೆ. ಏನೂ ಆದ ಹಾಗೆ ಕಾಣುವುದಿಲ್ಲ, ನಿಜ. ಆದರೆ ಮುಂದಿನ ಟೈರು ಹಿಂದಿನದಕ್ಕಿಂತ ಸವೆದಿದ್ದರೆ, ಅಥವಾ ಗಾಳಿ ಕಮ್ಮಿ ಇದ್ದರೆ, ನೆಟ್ಟಗಿನ ರಸ್ತೆಯಲ್ಲೂ ಬಿಗಿತ ಸದ್ದಿಲ್ಲದೆ ಏರುತ್ತಾ ಹೋಗುತ್ತದೆ. ಪಿಕಪ್‌ಗೆ ಎರಡೇ ಹೊಸ ಟೈರು ಹಾಕಿಸಿ ದುಡ್ಡು ಉಳಿಸಿದೆ ಅನ್ನುವವರು ಇದನ್ನು ಯೋಚಿಸಿರುವುದಿಲ್ಲ.

ಬಿಗಿಯಾದ ಮೇಲೆ ನಾಬನ್ನು ಟೂ ಹೈಗೆ ತಿರುಗಿಸಿದರೂ ಒಮ್ಮೊಮ್ಮೆ ಬಿಡುವುದಿಲ್ಲ. ಡ್ಯಾಶ್‌ಬೋರ್ಡಿನ ಫೋರ್ ಹೈ ದೀಪ ಮಿಣುಕುತ್ತಾ ಇರುತ್ತದೆ, ನಾಬ್ ಬದಲು ಲಿವರ್ ಇದ್ದರೆ ಕಲ್ಲಿನಂತೆ ಕೂತಿರುತ್ತದೆ. ಜೋರು ಮಾಡಬಾರದು. ಗೆಳೆಯನಿಗೂ ಅದನ್ನೇ ಹೇಳಿದೆ: “ಸ್ಟೀರಿಂಗ್ ನೆಟ್ಟಗೆ ಮಾಡು, ರಿವರ್ಸ್ ಹಾಕಿ ನಾಲ್ಕು ಮಾರು ಹಿಂದಕ್ಕೆ ಹೋಗು.” ಹೋದ. ಕೆಳಗೆ ಠಕ್ ಅಂತ ಒಂದು ಸದ್ದು, ದೀಪ ಆರಿತು. ಒಂದು ಪಕ್ಕದ ಚಕ್ರಗಳನ್ನು ಜಲ್ಲಿಗೋ ಮಣ್ಣಿಗೋ ಇಳಿಸಿದರೂ ಬಿಗಿತ ಕಳೆಯುತ್ತದೆ.

ಹಾಗಾದರೆ ಜನ ಒಣ ರಸ್ತೆಯಲ್ಲೂ ಯಾಕೆ ಬಿಡುವುದಿಲ್ಲ? ನನಗೆ ಕಾಣುವ ಕಾರಣ ಭಯ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಎಂಜಿನ್ ಭಾರವೆಲ್ಲ ಮುಂದೆ. ಟೂ ಹೈನಲ್ಲಿ ತಳ್ಳುವುದು ಹಿಂದಿನ ಚಕ್ರ. ಐಸ್ ಮೇಲೆ ಒಮ್ಮೆ ಹಿಂಭಾಗ ಜಾರಿದರೆ ಎದೆ ಧಸಕ್ ಅನ್ನುತ್ತದೆ. ಆಮೇಲೆ ನಾಬ್ ಮುಟ್ಟಲು ಕೈ ಬರುವುದಿಲ್ಲ. ಇಲ್ಲಿನ ಹಳಬರು ಹಿಂದಿನ ಆಕ್ಸಲ್ ಮೇಲೆ ಮರಳಿನ ಚೀಲ ಹೇರುತ್ತಾರೆ, ಒಳ್ಳೆಯ ಉಪಾಯ. ಸೋನಾ ಮಸೂರಿ ಮೂಟೆ ಹೇರಿಕೊಂಡು ಓಡಾಡುವ ಕನ್ನಡಿಗರನ್ನೂ ಕಂಡಿದ್ದೇನೆ, ಅದೂ ನಡೆಯುತ್ತದೆ.

ಇನ್ನೊಂದು ಕಾರಣ ಕಾನೂನಿನ ಬಗ್ಗೆ ಇರುವ ಗೊಂದಲ. ಕೊಲರಾಡೋದ ಐ-70 ಹೆದ್ದಾರಿಯಲ್ಲಿ ಮಾರಿಸನ್‌ನಿಂದ ಡಾಟ್ಸೆರೋವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರವರೆಗೆ, ಚಕ್ರ ಜಾರದ ಹಾಗೆ ಗಾಡಿ ಸಜ್ಜಾಗಿರಬೇಕು ಅನ್ನುವ ಟ್ರ್ಯಾಕ್ಷನ್ ಕಾನೂನು ಇದೆ. ಫೋರ್ ವ್ಹೀಲ್ ಗಾಡಿ ಆಗಿದ್ದರೂ ಟೈರಿನ ಗೆರೆ ಕನಿಷ್ಠ 3/16 ಇಂಚು ಆಳ, ಅಂದರೆ ಸುಮಾರು 5 ಮಿಲಿಮೀಟರ್, ಇರಬೇಕು. ಕಾನೂನು ಕೇಳುವುದು ನಿಮ್ಮ ಗಾಡಿಗೆ ಆ ಶಕ್ತಿ ಇದೆಯಾ ಅಂತ. ಒಣ ರಸ್ತೆಯಲ್ಲೂ ಹಾಕಿಕೊಂಡೇ ಹೋಗಿ ಅಂತ ಅಲ್ಲ.

ಆ ದಾರಿಯಲ್ಲಿ 11,000 ಅಡಿಗೂ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಒಂದು ಕೊಳವೆ 1973ರಲ್ಲಿ ಶುರುವಾಯಿತು, ಪಕ್ಕದ್ದು 1979ರಲ್ಲಿ. ಪೂರ್ವದ ಬಾಯಿಯಲ್ಲಿ ಬಿಸಿಲಿದ್ದು, 2.7 ಕಿಲೋಮೀಟರ್ ದಾಟಿ ಪಶ್ಚಿಮಕ್ಕೆ ಹೊರಬಂದರೆ ಎದುರಿಗೆ ಬಿಳಿ ಗೋಡೆ ಎದ್ದಿರುವುದೂ ಉಂಟು. ಆಚೆ ಹಿಮ ಇದೆ ಅಂತ ಗೊತ್ತಿದ್ದರೆ ನಾನು ಸುರಂಗದ ಕೊನೆಗೆ ನಾಬ್ ತಿರುಗಿಸುತ್ತೇನೆ. ರಸ್ತೆ ನೆಟ್ಟಗಿರುತ್ತದೆ, ಚಕ್ರ ಜಾರುತ್ತಿರುವುದಿಲ್ಲ. ಈಗಿನ ಬಹಳಷ್ಟು ಪಿಕಪ್‌ಗಳಲ್ಲಿ ಓಡುತ್ತಿರುವಾಗಲೇ ಟೂ ಹೈನಿಂದ ಫೋರ್ ಹೈಗೆ ಹೋಗಬಹುದು, ಎಷ್ಟು ವೇಗದವರೆಗೆ ಅನ್ನುವುದು ಗಾಡಿಯ ಪುಸ್ತಕದಲ್ಲಿರುತ್ತದೆ. ವೇಗ ಕಮ್ಮಿ, ಎಳೆತ ಜಾಸ್ತಿ ಇರುವ ಫೋರ್ ಲೋ ಮಾತ್ರ ನಿಂತು, ಅಥವಾ ತೆವಳುವ ವೇಗದಲ್ಲಿ, ನ್ಯೂಟ್ರಲ್‌ಗೆ ಬಂದು ಹಾಕುವಂಥದ್ದು. ಅದು ಕಡಿದಾದ ಏರಿಗೆ, ಹೂತ ಗಾಡಿ ಎಳೆಯಲಿಕ್ಕೆ. ಹೆದ್ದಾರಿಗಲ್ಲ.

ಸುಬಾರುವಿನಂಥ ಆಲ್ ವ್ಹೀಲ್ ಡ್ರೈವ್ ಕಾರು ಇಟ್ಟುಕೊಂಡವರು ಇದನ್ನೆಲ್ಲ ಓದಿ ಗಾಬರಿಯಾಗಬೇಕಿಲ್ಲ. ಆಲ್ ವ್ಹೀಲ್ ಡ್ರೈವ್‌ನಲ್ಲಿ ಮುಂದೆ ಹಿಂದೆ ನಡುವೆ ಡಿಫರೆನ್ಷಿಯಲ್ಲೋ ಕ್ಲಚ್ಚೋ ಇದ್ದು ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಕೆಲವು ಪಿಕಪ್‌ಗಳಲ್ಲೂ ಬೇಕಾದಾಗ ತಾನೇ ಮುಂದಿನ ಚಕ್ರವನ್ನು ಸೇರಿಸಿಕೊಳ್ಳುವ “ಆಟೋ” ಅಂತ ಒಂದು ಸ್ಥಾನ ಇರುತ್ತದೆ. ಅರ್ಧ ಐಸು ಅರ್ಧ ಟಾರಿನ ಡೆನ್ವರ್ ಬೀದಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಪಿಕಪ್ ಕೊಳ್ಳುವ ಯೋಚನೆ ಇದ್ದರೆ ಚರ್ಮದ ಸೀಟಿಗಿಂತ ಮೊದಲು ಅದಕ್ಕೆ ದುಡ್ಡು ಹಾಕಿ ಅಂತ ನನ್ನ ಸಲಹೆ. ಆದರೆ ನಾಲ್ಕು ಚಕ್ರ ಎಳೆದರೂ ಬ್ರೇಕ್ ಏನೂ ಜಾಸ್ತಿ ಹಿಡಿಯುವುದಿಲ್ಲ. ಹಿಮ ಬಿದ್ದ ದಿನ ಹೆದ್ದಾರಿ ಪಕ್ಕದ ಹಳ್ಳದಲ್ಲಿ ಮೂತಿ ಊರಿಕೊಂಡಿರುವ ಗಾಡಿಗಳಲ್ಲಿ ಫೋರ್ ಬೈ ಫೋರ್‌ಗೇನೂ ಕೊರತೆ ಇರುವುದಿಲ್ಲ.

ಊರಲ್ಲಿ ಥಾರ್, ಜಿಮ್ನಿ, ವಿ-ಕ್ರಾಸ್‌ನ ಫೋರ್ ಬೈ ಫೋರ್ ಕೊಂಡವರಿಗೂ ಇದೇ ಮಾತು, ಅವೂ ಪಾರ್ಟ್ ಟೈಮ್ ಗಾಡಿಗಳೇ. ಮಳೆ ಬಂತು ಅಂತ ಬೆಂಗಳೂರಿನ ಟಾರಿನಲ್ಲಿ ಫೋರ್ ಹೈ ಹಾಕಿಕೊಂಡು ಫ್ಲೈಓವರ್ ಕೆಳಗೆ ಯೂ ಟರ್ನ್ ಹೊಡೆಯುವುದು ಬೇಡ. ಕೊಡಚಾದ್ರಿಗೆ ಜೀಪು ಹತ್ತಿಸುವ ಡ್ರೈವರಣ್ಣಂದಿರನ್ನು ಕೇಳಿ, ಎಲ್ಲಿ ಹಾಕಬೇಕು, ಎಲ್ಲಿ ತೆಗೀಬೇಕು ಅಂತ ಅವರಷ್ಟು ಚೆನ್ನಾಗಿ ಯಾವ ಮ್ಯಾನುಯಲ್ಲೂ ಹೇಳುವುದಿಲ್ಲ.

ಹಾಗಂತ ವರ್ಷಗಟ್ಟಲೆ ಮುಟ್ಟದೇ ಇಡುವುದೂ ಸರಿಯಲ್ಲ. ಮುಂದಿನ ಆಕ್ಸಲ್‌ನ ಭಾಗಗಳಿಗೆ ಎಣ್ಣೆ ಓಡಾಡಬೇಕು. ಟೊಯೋಟಾದ ಪಿಕಪ್ ಪುಸ್ತಕದಲ್ಲಿ ತಿಂಗಳಿಗೆ 16 ಕಿಲೋಮೀಟರ್ ಆದರೂ ಫೋರ್ ವ್ಹೀಲ್‌ನಲ್ಲಿ ಓಡಿಸಿ ಅಂತಲೇ ಇದೆ. ಇಲ್ಲಿ ಬೇಸಿಗೆಯಲ್ಲಿ ಅದಕ್ಕೆ ಬೆಟ್ಟದ ಜಲ್ಲಿ ರಸ್ತೆಗಳಿವೆ. ಗೆಳೆಯ ಈಗ ಮನೆಯವರನ್ನೆಲ್ಲ ಕೂರಿಸಿಕೊಂಡು, ಪುಳಿಯೋಗರೆ ಕಟ್ಟಿಸಿಕೊಂಡು ಅತ್ತ ಹೋಗುತ್ತಾನೆ. ಗಾಡಿಗೆ ಎಣ್ಣೆ ಹಚ್ಚಲಿಕ್ಕೆ ಅಂತ ಹೇಳಿದರೆ ಹೆಂಡತಿಯೂ ಬೇಡ ಅನ್ನುವುದಿಲ್ಲವಂತೆ.