ಮಳೆಗಾಲದ ಬಟ್ಟೆ ಕಪಾಟು: ಹದಿನೈದು ರೂಪಾಯಿ ಫ್ಯೂಸ್ ಹಿಂದೆ ಒಂದೂವರೆ ತಿಂಗಳು

ಜೂನ್ 16, ಡೊಂಬಿವ್ಲಿ (ಮುಂಬೈ ಹತ್ತಿರ)

ಮಳೆ ಹಿಡ್ಕೊಂಡು ಐದು ದಿನ ಆಯ್ತು. ಬಾಲ್ಕನಿಯಲ್ಲಿ ಹಾಕಿದ ಟವಲ್ ಮೂರನೇ ದಿನಕ್ಕೂ ತಣ್ಣಗೇ ಇದೆ, ಮಗಳ ಯೂನಿಫಾರ್ಮ್ ದಿನಾ ಬೆಳಗ್ಗೆ ಇಸ್ತ್ರಿ ಹಾಕೇ ಒಣಗಿಸ್ತಾ ಇದೀವಿ, ಮನೆ ತುಂಬ ಮುಗ್ಗಲು ವಾಸನೆ. ಊರಲ್ಲಾದ್ರೆ ಅಮ್ಮ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕ್ತಿದ್ರು, ರಾತ್ರಿ ಬೆಳಗಾಗೋದ್ರೊಳಗೆ ಗರಿಗರಿ. ಇಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು. ಪ್ಯಾಸೇಜಲ್ಲಿ ಒಂದು ಹಳೇ ಸ್ಟೀಲ್ ಕಪಾಟು ಖಾಲಿ ಇದೆ, ಅದರ ತಳದಲ್ಲಿ ಬಿಸಿ ಮಾಡೋಕೆ 500 ವ್ಯಾಟ್ ನೈಕ್ರೋಮ್ ತಂತಿಯ ಎಲಿಮೆಂಟು, ಹಿಂದೆ ಒಂದು 120 ಎಂಎಂ ಫ್ಯಾನು, ಮೇಲೆ ಗಾಳಿ ಹೊರಗೆ ಹೋಗೋಕೆ ತೂತು, ಬಟ್ಟೆ ಒಣಗಿಸೋಕೆ ಇಷ್ಟೇ ಪ್ಲ್ಯಾನ್.

ಅಮ್ಮನಿಗೆ ಹೇಳಿದ್ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ, "ಇದ್ರಲ್ಲಿ ಆ ಕುಕ್ಕರಿನ ಫ್ಯೂಸ್ ಇರ್ತದಾ ಮಗಾ?"

ಆ ಪ್ರಶ್ನೆಗೆ ಕಾರಣ ಇದೆ, ಅದನ್ನ ಮೊದ್ಲು ಬರೆದುಬಿಡ್ತೀನಿ. ಎರಡು ವರ್ಷದ ಹಿಂದೆ ಅಮ್ಮನ ರೈಸ್ ಕುಕ್ಕರ್ ಸತ್ತೋಯ್ತು, ಹತ್ತಿರದ ಒಬ್ಬರ ಹತ್ರ ರಿಪೇರಿಗೆ ಕೊಟ್ವಿ, ಅರ್ಧ ಗಂಟೇಲಿ ಸರಿ ಮಾಡಿ ಕೊಟ್ರು, ಖುಷಿಯಾಯ್ತು. ಎರಡು ತಿಂಗಳಾದ್ಮೇಲೆ ಒಂದು ದಿನ ಅಡುಗೆಮನೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಹೋಗಿ ನೋಡಿದ್ರೆ ಕೆಳಗಿನ ರಿಂಗ್ ಕರಗಿ ಕಟ್ಟೆಗೆ ಅಂಟ್ಕೊಂಡಿದೆ, ಅಮ್ಮನೇ ಪ್ಲಗ್ ಎಳೆದಿದ್ರು. ಬಿಚ್ಚಿ ನೋಡಿದೆ. ಥರ್ಮಲ್ ಫ್ಯೂಸ್ (ಮಿತಿ ಮೀರಿ ಬಿಸಿಯಾದ್ರೆ ಕರೆಂಟ್ ಕಡಿದು ಬಿಡೋ, ಒಂದೇ ಸಲ ಕೆಲಸ ಮಾಡೋ ಸಣ್ಣ ಭಾಗ) ಇರಬೇಕಾದ ಜಾಗದಲ್ಲಿ ಒಂದು ತುಂಡು ವೈರು, ಮೇಲೆ ಕರಿ ಟೇಪು. 'ಡೈರೆಕ್ಟ್' ಮಾಡಿದ್ರು, ಅಂದ್ರೆ ಫ್ಯೂಸ್ ತೆಗೆದು ನೇರ ವೈರ್ ಕೂಡಿಸಿದ್ರು.

ಎಂಸಿಬಿ (ಮನೆಯ ಸ್ವಿಚ್ ಬೋರ್ಡಿನ ಬ್ರೇಕರ್) ಯಾಕೆ ಬೀಳಲಿಲ್ಲ ಅಂತ ಆಗ ಮನೆಯವರೆಲ್ಲ ಕೇಳಿದ್ರು. ಬೀಳೋದಿಲ್ಲ. 700 ವ್ಯಾಟ್ ಕುಕ್ಕರ್ 230 ವೋಲ್ಟಲ್ಲಿ ತಗೊಳ್ಳೋದು 3 ಆಂಪ್, ಅನ್ನ ಬೇಯ್ತಾ ಇದ್ರೂ ಅಷ್ಟೇ, ಪಾತ್ರೆ ಕೆಂಪಗಾಗ್ತಾ ಇದ್ರೂ ಅಷ್ಟೇ. ಎಂಸಿಬಿ ಕರೆಂಟ್ ಎಷ್ಟು ಅಂತ ನೋಡತ್ತೆ, ಶಾಖ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಕುಕ್ಕರಿನಲ್ಲಿ ಮಾಮೂಲಿ ಕೆಲಸ ಮಾಡೋದು ತಳದ ಅಯಸ್ಕಾಂತ: ನೀರು ಇರೋ ತನಕ ಪಾತ್ರೆ 100 ಡಿಗ್ರಿ ದಾಟಲ್ಲ, ನೀರು ಇಂಗಿದ ಮೇಲೆ ಏರತ್ತೆ, 103ರ ಹತ್ತಿರ ಅಲ್ಲಿರೋ ಫೆರೈಟ್ ತನ್ನ ಕಾಂತಗುಣ ಕಳ್ಕೊಂಡು ಸ್ಪ್ರಿಂಗ್ ಸ್ವಿಚ್ಚನ್ನ ಟಕ್ ಅಂತ ಕೆಳಗೆ ಎಳೆಯತ್ತೆ. ಆ ಸ್ವಿಚ್ಚಿನ ಲಿವರಿಗೆ ಒಂದು ಅನ್ನದ ಅಗುಳು ಸಿಕ್ಕಿ ನಿಂತ್ರೆ ಉಳಿಯೋದು ಥರ್ಮಲ್ ಫ್ಯೂಸ್ ಒಂದೇ. ನಮ್ಮ ಕುಕ್ಕರಲ್ಲಿ ಅದೂ ಇರ್ಲಿಲ್ಲ.

ಹಾಗಾಗಿ ಈ ಕಪಾಟಲ್ಲಿ ಮೊದ್ಲು ಫ್ಯೂಸ್, ಆಮೇಲೆ ಹೀಟರ್ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ.

ಜೂನ್ 21

ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ. ದಾದರಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಗಾಡಿ, ಗ್ರಾಂಟ್ ರೋಡಿಂದ ನಡ್ಕೊಂಡು. ತಂದಿದ್ದು: 121 ಡಿಗ್ರಿಯ ಥರ್ಮಲ್ ಫ್ಯೂಸ್ ಹತ್ತು (ಹದಿನೈದು ರೂಪಾಯಿಗೊಂದು), 84 ಡಿಗ್ರಿದು ಐದು, ಕೆಎಸ್‌ಡಿ301 ಥರ್ಮೋಸ್ಟಾಟ್ 60 ಡಿಗ್ರಿದು ಎರಡು, ಅದೇ ಜಾತಿದು ಬಟನ್ ಒತ್ತಿ ರಿಸೆಟ್ ಮಾಡೋದು 90 ಡಿಗ್ರಿದು ಒಂದು, ಫೈಬರ್‌ಗ್ಲಾಸ್ ಸ್ಲೀವ್ ಎರಡು ಮೀಟರ್. ಬೇರೆ ಒಂದು ಅಂಗಡಿಯಲ್ಲೂ 121 ಅಂತ ಬರೆದ ಫ್ಯೂಸ್ ಅಗ್ಗಕ್ಕೆ ಸಿಕ್ತು, ನಾಲ್ಕು ತಗೊಂಡೆ. ಅಲ್ಲಿ ಕೌಂಟರಲ್ಲಿದ್ದವರು "ಡೈರೆಕ್ಟ್ ಕರ್ ದೋ ನಾ ಭಾಯ್, ಕುಛ್ ನಹೀ ಹೋತಾ" (ಡೈರೆಕ್ಟ್ ಮಾಡ್ಬಿಡಿ, ಏನೂ ಆಗಲ್ಲ) ಅಂದ್ರು. ನಾನು ಕುಕ್ಕರ್ ಕಥೆ ಹೇಳಿದೆ, ಅವರು ಪೂರ್ತಿ ಕೇಳಿಸ್ಕೊಂಡ್ರು.

ಜೂನ್ 22

ಮೊದಲ ಫ್ಯೂಸ್ ನನ್ನ ಕೈಯಲ್ಲೇ ಹೋಯ್ತು. ಸಾಲ್ಡರ್ ಐರನ್ 350 ಡಿಗ್ರಿ, ಫ್ಯೂಸ್ 121ಕ್ಕೆ ಬಿಡೋದು, ಕಾಲಿನ ತಂತಿ ಗುಂಟ ಶಾಖ ಒಳಗೆ ಓಡತ್ತೆ, ಎರಡೇ ಸೆಕೆಂಡಿಗೆ ಮೀಟರಲ್ಲಿ ಬೀಪ್ ನಿಂತೋಯ್ತು. ಇನ್ಮೇಲೆ ಕ್ರಿಂಪ್ (ಲೋಹದ ಕೊಳವೆಯಲ್ಲಿ ತಂತಿ ಇಟ್ಟು ಒತ್ತಿ ಕೂಡಿಸೋದು) ಮಾತ್ರ. ಸಾಲ್ಡರ್ ಮಾಡ್ಲೇಬೇಕು ಅಂದ್ರೆ ಫ್ಯೂಸಿಗೂ ಜಾಯಿಂಟಿಗೂ ಮಧ್ಯೆ ನೋಸ್ ಪ್ಲೈಯರ್ ಹಿಡಿದು ಶಾಖ ಅದಕ್ಕೆ ಹೋಗೋ ಹಾಗೆ ಮಾಡ್ಬೇಕು. ಕಾಲು ಮಡಿಸುವಾಗಲೂ ಬುಡದಲ್ಲೇ ಮಡಿಸಬಾರದು, ಸೀಲ್ ಬಿರುಕು ಬಿಡತ್ತೆ, ಪ್ಲೈಯರಲ್ಲಿ ಬುಡ ಹಿಡ್ಕೊಂಡು ಸ್ವಲ್ಪ ದೂರದಲ್ಲಿ ಮಡಿಸ್ಬೇಕು.

ಸತ್ತ ಫ್ಯೂಸನ್ನ ಹ್ಯಾಕ್ಸಾದಲ್ಲಿ ಕೊಯ್ದು ನೋಡಿದೆ, ಅಷ್ಟು ಚಿಕ್ಕದ್ರಲ್ಲಿ ಎಷ್ಟು ಚಂದದ ಕೆಲಸ ಇದೆ! ಒಳಗೆ ಒಂದು ರಾಸಾಯನಿಕದ ಗುಳಿಗೆ, ಒಂದು ದೊಡ್ಡ ಸ್ಪ್ರಿಂಗು, ಒಂದು ಸಣ್ಣ ಸ್ಪ್ರಿಂಗು, ನಕ್ಷತ್ರದ ಆಕಾರದ ಒಂದು ತೆಳು ಬಿಲ್ಲೆ. ಗುಳಿಗೆ ಗಟ್ಟಿ ಇರೋ ತನಕ ದೊಡ್ಡ ಸ್ಪ್ರಿಂಗ್ ಅಮುಕಿಕೊಂಡು ಬಿಲ್ಲೆಯನ್ನ ಕಾಲಿಗೆ ಒತ್ತಿ ಹಿಡಿದಿರತ್ತೆ, ಗುಳಿಗೆ ಕರಗಿ ಜಾಗ ಬಿಟ್ಟ ತಕ್ಷಣ ದೊಡ್ಡ ಸ್ಪ್ರಿಂಗ್ ಸಡಿಲ ಆಗಿ ಸಣ್ಣದು ಬಿಲ್ಲೆಯನ್ನ ಆಚೆಗೆ ತಳ್ಳತ್ತೆ. ಇನ್ನೊಂದು ಜಾತಿ ಇದೆ, ಅದ್ರಲ್ಲಿ ಸ್ಪ್ರಿಂಗೇ ಇಲ್ಲ, ಬೇಗ ಕರಗೋ ಮಿಶ್ರಲೋಹದ ತಂತಿ ಸುತ್ತ ರಾಳ ಇರತ್ತೆ, ಕರಗಿದಾಗ ಲೋಹ ಎರಡು ಹನಿಯಾಗಿ ಎರಡು ಕಡೆಗೆ ಸರಿದುಬಿಡತ್ತೆ.

ಕೊಯ್ದಿದ್ದರಿಂದ ಇನ್ನೊಂದು ಮುಖ್ಯ ವಿಷಯ ಕಣ್ಣಿಗೆ ಬಿತ್ತು: ಈ ಗುಳಿಗೆ ಜಾತಿಯಲ್ಲಿ ಲೋಹದ ಮೈ ಒಂದು ಕಾಲಿಗೆ ಸೇರ್ಕೊಂಡೇ ಇರತ್ತೆ. ಅಂದ್ರೆ ಮೈಯಲ್ಲೇ 230 ವೋಲ್ಟ್. ಸ್ಟೀಲ್ ಕಪಾಟಿಗೆ ಹಾಗೇ ಕ್ಲ್ಯಾಂಪ್ ಮಾಡಿದ್ರೆ ಏನಾಗತ್ತೆ ಯೋಚಿಸಿ. ಫೈಬರ್‌ಗ್ಲಾಸ್ ಸ್ಲೀವ್ ಹಾಕ್ಲೇಬೇಕು, ಕಪಾಟಿಗೆ ಅರ್ಥಿಂಗ್ ಕೊಡ್ಲೇಬೇಕು. ಪಿವಿಸಿ ಟೇಪ್ ಈ ಶಾಖಕ್ಕೆ ಆಗಲ್ಲ.

ಜೂನ್ 28

ಎಣ್ಣೆ ಟೆಸ್ಟ್. ಸಣ್ಣ ಸ್ಟೀಲ್ ಪಾತ್ರೇಲಿ ಶೇಂಗಾ ಎಣ್ಣೆ, ಅದರಲ್ಲಿ ಫ್ಯೂಸು, ಪಕ್ಕದಲ್ಲೇ ಡಿಗ್ರಿ ಅಳೆಯೋಕೆ ಮಲ್ಟಿಮೀಟರಿನ ಥರ್ಮೋಕಪಲ್, ಫ್ಯೂಸಿನ ಮೂಲಕ ಮೂರು ವೋಲ್ಟಿನ ಬ್ಯಾಟರಿ ಮತ್ತೆ ಎಲ್‌ಇಡಿ. ಗ್ಯಾಸ್ ಸಿಮ್ಮಲ್ಲಿ ಇಟ್ಟು, ನಿಮಿಷಕ್ಕೆ ಎರಡು ಡಿಗ್ರಿ ಏರೋ ಹಾಗೆ ಆರಿಸಿ ಹಚ್ಚಿ. ಒಂದು ಗಂಟೆ ಹತ್ತಿರ ಹಿಡೀತು ಪ್ರತಿಯೊಂದಕ್ಕೂ.

ಮೊದಲ ಅಂಗಡಿಯ ಮೂರು: 118, 117, 119ರಲ್ಲಿ ದೀಪ ಆರಿತು. ಥರ್ಮಲ್ ಫ್ಯೂಸಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 60691 ಪ್ರಕಾರ ಮೇಲೆ ಬರೆದ ಡಿಗ್ರಿ ದಾಟೋ ಹಾಗಿಲ್ಲ, ಕೆಳಗೆ 10 ಡಿಗ್ರಿ ತನಕ ಪರವಾಗಿಲ್ಲ, ಅಂದ್ರೆ 111ರಿಂದ 121ರ ಒಳಗೆ. ಮೂರೂ ಪಾಸು. ಅಗ್ಗದ ನಾಲ್ಕರಲ್ಲಿ ಒಂದು 119ಕ್ಕೆ ಬಿಡ್ತು, ಇನ್ನೊಂದು 135 ಆದ್ರೂ ದೀಪ ಉರೀತಾನೇ ಇತ್ತು, ಅಲ್ಲಿಗೆ ನಿಲ್ಲಿಸಿ ಉಳಿದಿದ್ದನ್ನೂ ಸೇರಿಸಿ ಎಲ್ಲಾ ಕತ್ತರಿಸಿ ಬಿಸಾಡ್ದೆ. ಬಿಡದೇ ಇರೋ ಫ್ಯೂಸು ಡೈರೆಕ್ಟ್ ವೈರಿಗಿಂತ ಕೆಟ್ಟದ್ದು, ಯಾಕಂದ್ರೆ ಅದನ್ನ ನಂಬ್ಕೊಂಡು ಮಲಗಿರ್ತೀವಿ.

ಜುಲೈ 5

ವೈರಿಂಗ್ ಮುಗೀತು. ಫೇಸ್ ಲೈನಲ್ಲಿ ಮೊದ್ಲು ಥರ್ಮಲ್ ಫ್ಯೂಸ್, ಆಮೇಲೆ ಬಟನ್ ಇರೋ 90 ಡಿಗ್ರಿ ಕಟೌಟ್, ಆಮೇಲೆ 60 ಡಿಗ್ರಿ ಥರ್ಮೋಸ್ಟಾಟ್, ಆಮೇಲೆ ಎಲಿಮೆಂಟ್. ನ್ಯೂಟ್ರಲಲ್ಲಿ ಹಾಕಿದ್ರೂ ಹೀಟರ್ ಆಫ್ ಆಗತ್ತೆ ನಿಜ, ಆದ್ರೆ ಎಲಿಮೆಂಟ್ ಮೇಲೆ ಫೇಸ್, ಅಂದ್ರೆ 230 ವೋಲ್ಟ್, ಕೂತೇ ಇರತ್ತೆ. ಫ್ಯಾನ್ ಮಾತ್ರ ಇವೆಲ್ಲದಕ್ಕೂ ಮುಂಚೆನೇ, ಸ್ವಿಚ್ಚಿಂದ ನೇರ, ಹೀಟರ್ ಕಟ್ಟಾದ್ರೂ ಗಾಳಿ ಬೀಸಿ ಉಳಿದ ಶಾಖ ಹೊರಗೆ ಹಾಕ್ತಾ ಇರ್ಲಿ ಅಂತ.

ಥರ್ಮೋಸ್ಟಾಟ್ ಇರುವಾಗ ಒಂದೇ ಸಲ ಕೆಲಸ ಮಾಡೋ ಫ್ಯೂಸ್ ಯಾಕೆ ಅಂತ ಹೆಂಡತಿ ಕೇಳಿದ್ಲು. ಥರ್ಮೋಸ್ಟಾಟಿನ ಬಿಲ್ಲೆ ಎರಡು ಲೋಹದ್ದು, ಬಿಸಿಗೆ ಬಾಗಿ ಟಕ್ ಅಂತ ಬಿಡತ್ತೆ, ತಣ್ಣಗಾದ್ಮೇಲೆ ಮತ್ತೆ ಕೂಡತ್ತೆ, ಒಂದು ಮಳೆಗಾಲದಲ್ಲಿ ಸಾವಿರಾರು ಸಲ. ಪ್ರತಿ ಸಲ ಒಂದು ಸಣ್ಣ ಕಿಡಿ. ಒಂದು ದಿನ ಆ ಕಾಂಟ್ಯಾಕ್ಟ್ ಅಂಟ್ಕೊಂಡು ನಿಲ್ಲಬಹುದು. ಫ್ಯೂಸಿಗೆ ಆ ಸವೆತ ಇಲ್ಲ, ವರ್ಷಗಟ್ಲೆ ಸುಮ್ನೆ ಕೂತು ಒಂದೇ ಒಂದು ಸಲ ಏಳಬೇಕು.

ಎಲಿಮೆಂಟಿಂದ ಎರಡು ಸೆಂಟಿಮೀಟರ್ ಮೇಲೆ ಒಂದು ಬ್ರಾಕೆಟ್, ಅದ್ರಲ್ಲಿ 84 ಡಿಗ್ರಿ ಫ್ಯೂಸ್ ಹಾಕಿದೆ. ಕಮ್ಮಿ ಡಿಗ್ರಿ ಇದ್ದಷ್ಟೂ ಸೇಫ್ ಅಂತ ಅಂದ್ಕೊಂಡು.

ಜುಲೈ 8

84ರ ಫ್ಯೂಸ್ ಹೋಯ್ತು. ಫ್ಯಾನ್ ಸರಿ ಇದೆ, ಥರ್ಮೋಸ್ಟಾಟ್ ಸರಿ ಇದೆ, ಆ ಜಾಗದ ಗಾಳಿ 68 ಡಿಗ್ರಿ ದಾಟಿಲ್ಲ. ಎರಡು ಗಂಟೆ ಹುಡುಕಿ ಆಮೇಲೆ ಫ್ಯೂಸಿನ ಡೇಟಾಶೀಟ್ (ತಯಾರಕರ ವಿವರದ ಹಾಳೆ) ಸರಿಯಾಗಿ ಓದಿದೆ. ಅದ್ರಲ್ಲಿ ಮೂರು ಡಿಗ್ರಿ ಇರತ್ತೆ. ಟಿಎಫ್ ಅಂದ್ರೆ ಬಿಡೋ ಡಿಗ್ರಿ, ಮೈಮೇಲೆ ಅಚ್ಚು ಹಾಕಿರೋದು ಅದೇ. ಟಿಎಚ್ ಅಂದ್ರೆ ಪೂರ್ತಿ ಕರೆಂಟ್ ಹೊತ್ಕೊಂಡು 168 ಗಂಟೆ, ಅಂದ್ರೆ ಏಳು ದಿನ, ಬಿಡದೇ ತಡ್ಕೊಳ್ಳೋ ಡಿಗ್ರಿ, ನಾನು ತಂದಿದ್ದ ಫ್ಯೂಸಲ್ಲಿ ಅದು ಟಿಎಫ್‌ಗಿಂತ ಹೆಚ್ಚು ಕಮ್ಮಿ 25 ಡಿಗ್ರಿ ಕೆಳಗಿದೆ. ಟಿಎಮ್ ಅಂದ್ರೆ ಬಿಟ್ಟಾದ್ಮೇಲೆ ಯಾವ ಡಿಗ್ರಿ ತನಕ ಬಿಸಿ ಏರಿದ್ರೂ 10 ನಿಮಿಷ ಮತ್ತೆ ಕೂಡ್ಕೊಳ್ಳದೇ ಇರೋ ಮಿತಿ. 84ರ ಫ್ಯೂಸನ್ನ 68ರ ಗಾಳಿಯಲ್ಲಿ ಮೂರು ದಿನ ಕೂರಿಸಿದ್ದೆ, ಗುಳಿಗೆ ನಿಧಾನಕ್ಕೆ ಸೋತಿದೆ. ತಪ್ಪು ಫ್ಯೂಸಿನದ್ದಲ್ಲ, ನಂದು. ಹೀಗೆ ಕಾರಣ ಗೊತ್ತಾಗದೇ ಫ್ಯೂಸ್ ಹೋಗೋದೇ ಜನರ ಕೈಲಿ ಡೈರೆಕ್ಟ್ ಮಾಡಿಸೋದು ಅಂತ ನನಗೀಗ ಅನ್ಸತ್ತೆ, ಪದೇ ಪದೇ ಹೋದ್ರೆ ಯಾರಿಗಾದ್ರೂ ಬೇಸರ ಬರತ್ತೆ.

121ರದ್ದು ಹಾಕಿದೆ.

ಜುಲೈ 12

ಫ್ಯಾನ್ ನಿಲ್ಲಿಸೋ ಟೆಸ್ಟ್. ಬೇಕಂತಲೇ ಫ್ಯಾನಿನ ವೈರ್ ಕಿತ್ತು, ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು, ಮೇನ್ ಸ್ವಿಚ್ ಮೇಲೆ ಕೈ ಇಟ್ಕೊಂಡು ಕೂತೆ. ಹೆದರಿಕೆ ಹುಟ್ಟಿಸಿದ್ದು ಏನು ಅಂದ್ರೆ ಮೇಲಿನ ಶೆಲ್ಫಲ್ಲಿ ಹಾಕಿದ್ದ 60ರ ಥರ್ಮೋಸ್ಟಾಟಿಗೆ ಏನೂ ಗೊತ್ತೇ ಆಗ್ಲಿಲ್ಲ, ಅಲ್ಲಿ 46 ಡಿಗ್ರಿ, ಕೆಳಗೆ ಎಲಿಮೆಂಟ್ ಹತ್ರ 100 ದಾಟಿ ಓಡ್ತಾ ಇದೆ. ಕರೆಂಟ್ ನೋಡಿದ್ರೆ ಅದೇ 2.2 ಆಂಪ್, ಒಂದು ಚೂರೂ ಬದಲಾವಣೆ ಇಲ್ಲ. 90ರ ಕಟೌಟನ್ನ ಪಕ್ಕದ ಗೋಡೆಗೆ ಹಾಕಿದ್ದೆ, ಅದೂ ಇನ್ನೂ ಬಿಸಿಯಾಗಿರ್ಲಿಲ್ಲ. ಮೂರು ನಿಮಿಷ ನಲವತ್ತು ಸೆಕೆಂಡಿಗೆ ಫ್ಯೂಸ್ ಬಿಡ್ತು. ಮೂರು ಕಾವಲುಗಾರರಲ್ಲಿ ಇಬ್ಬರು ಬೇರೆ ಕಡೆ ನೋಡ್ತಾ ಇದ್ರು.

ಕಟೌಟನ್ನ ಬ್ರಾಕೆಟ್ ಪಕ್ಕಕ್ಕೇ ತಂದೆ. ಹೊಸ ಫ್ಯೂಸ್ ಹಾಕಿ ಮತ್ತೆ ಅದೇ ಟೆಸ್ಟ್: ಎರಡು ನಿಮಿಷ ಹತ್ತು ಸೆಕೆಂಡಿಗೆ ಕಟೌಟ್ ಬಿಡ್ತು, ಫ್ಯೂಸ್ ಉಳೀತು. ಇದೇ ಬೇಕಿತ್ತು.

ಜುಲೈ 13

ಮೊದಲ ಲೋಡು. ಎರಡು ಟವಲ್, ಯೂನಿಫಾರ್ಮ್, ಅಮ್ಮನ ಒಂದು ಕಾಟನ್ ಸೀರೆ. ಮೂರು ಗಂಟೇಲಿ ಒಣಗ್ತು. ರಾತ್ರಿ ಓಡಿಸಿಲ್ಲ, ಇನ್ನೂ ಒಂದು ವಾರ ಎದುರಲ್ಲಿ ಯಾರಾದ್ರೂ ಇದ್ದಾಗ ಮಾತ್ರ.

ಜುಲೈ 24

ಮಳೆಗೆ ಲೋಕಲ್ ನಿಂತು ಮನೆಗೆ ತಡವಾಗಿ ಬಂದೆ. ಅಮ್ಮ ಬಾಗಿಲಲ್ಲೇ ಹೇಳಿದ್ರು, ಕಪಾಟು ಬಿಸಿ ಆಗ್ತಾ ಇಲ್ಲ, ಫ್ಯಾನ್ ಮಾತ್ರ ತಿರುಗ್ತಿದೆ, ನಾನು ಏನೂ ಮುಟ್ಟಿಲ್ಲ ಅಂತ. 90ರ ಕಟೌಟ್ ಬಿದ್ದಿತ್ತು. ಬಟನ್ ಒತ್ತಿದ್ರೆ ಒಂದು ಕ್ಷಣದ ಕೆಲಸ, ಬೆರಳು ಅಲ್ಲಿ ತನಕ ಹೋಗಿತ್ತು ಕೂಡ. ಒತ್ತದೇ ಹಿಂದಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ಜಾಲರಿ ಮೇಲೆ ಬಟ್ಟೆ ಜುಂಗು, ಬೂದು ಬಣ್ಣದ ಕಂಬಳಿ ಥರ ದಪ್ಪ. ಹನ್ನೊಂದು ದಿನದಲ್ಲಿ ಸೀರೆ ಟವಲಿಂದ ಅಷ್ಟು ಬಂದಿದೆ. ಫ್ಯಾನ್ ತಿರುಗ್ತಾ ಇದ್ರೂ ಗಾಳಿ ಅರ್ಧಕ್ಕರ್ಧ ಇರ್ಲಿಲ್ಲ. ದೊಡ್ಡ ಬಟ್ಟೆ ಡ್ರೈಯರ್‌ಗಳಲ್ಲೂ ಫ್ಯೂಸ್ ಹೋಗೋದಕ್ಕೆ ಹೆಚ್ಚಾಗಿ ಇದೇ ಕಾರಣ, ಗಾಳಿ ದಾರಿಯಲ್ಲಿ ಜುಂಗು ಕಟ್ಟೋದು. ಮೇಲಾಗಿ ಆ ಜುಂಗು ಬತ್ತಿ ಇದ್ದ ಹಾಗೆ, ಕೆಂಪು ಎಲಿಮೆಂಟ್ ಮೇಲೆ ಬಿದ್ರೆ ಹತ್ಕೊಳ್ಳತ್ತೆ. ಸುಮ್ನೆ ಬಟನ್ ಒತ್ತಿದ್ರೆ ಮತ್ತೆ ಬಿಸಿ ಆಗ್ತಿತ್ತು, ಎಲ್ಲ ಸರಿ ಇದೆ ಅಂತಾನೇ ಅನ್ಸ್ತಿತ್ತು.

ಜಾಲರಿ ತೊಳೆದು, ಎಲಿಮೆಂಟ್ ಸುತ್ತ ಬ್ರಶ್ಶಲ್ಲಿ ಕ್ಲೀನ್ ಮಾಡಿ, ಆಮೇಲೆ ಬಟನ್ ಒತ್ತಿದೆ. ಬ್ರಾಕೆಟ್ ಹತ್ರ ಮತ್ತೆ 66.

ಜುಲೈ 27

ಜಾಲರಿಯನ್ನ ಸ್ಕ್ರೂ ಬದ್ಲು ಜಾರಿಸಿ ತೆಗೆಯೋ ಹಾಗೆ ಮಾಡ್ದೆ, ಅಮ್ಮ ಪ್ರತಿ ಶನಿವಾರ ತೊಳೀತಾರಂತೆ. ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದೀನಿ: ಫ್ಯೂಸ್ 121 ಡಿಗ್ರಿ, 10 ಆಂಪ್, ಹಾಕಿದ ತಾರೀಖು ಜುಲೈ 12, ಕ್ರಿಂಪ್ ಮಾತ್ರ, ಎರಡು ಬಿಡಿ ಫ್ಯೂಸ್ ಇದೇ ಕವರಲ್ಲಿದೆ. ನಾನಿಲ್ಲದಾಗ ಯಾರಾದ್ರೂ ಬಿಚ್ಚಿದ್ರೆ ಅವರ ಕೈಗೆ ವೈರ್ ತುಂಡಿನ ಬದ್ಲು ಫ್ಯೂಸೇ ಸಿಗಲಿ ಅಂತ.

ಮುಂದಿನ ವಾರ ಅಮ್ಮನ ಹೊಸ ಕುಕ್ಕರ್ ಬಿಚ್ಚಿ ಅದರ ಫ್ಯೂಸಿನ ಡಿಗ್ರಿ ಬರ್ಕೊಳ್ಳೋದಿದೆ, ಅವರೇ ನೆನಪು ಮಾಡಿದ್ದು.